ವಳಸಂಗದಲ್ಲಿ ನಿಲ್ಲದ ಬಸ್ಸು

ರಾಜ್ಯಮಟ್ಟದ ಕುಸ್ತಿ ಪಂದ್ಯಾವಳಿಗೆ ಸಂಚಾರ ಯೋಜನೆ ಮಾಡಲೆಂದು ನಮ್ಮ ಸೋಲಾಪುರದ ಕಚೇರಿಗೆ ಬಂದ ಸಾಹೇಬರು ಜನ್ಮದಲ್ಲಿ ಸರಕಾರಿ ಎಸ್‌ಟಿ ಬಸ್ಸು ಹತ್ತಿದವರಲ್ಲ. ಹತ್ತಿದ್ದರೆ ಅದರ ಬಾಗಿಲು ಯಾವ ಕಡೆಗಿದೆ ಎಂದಾದರೂ ಗೊತ್ತಿರುತ್ತಿತ್ತು. ನಕ್ಷೆಯಲ್ಲಿ ಬಸ್ ನಿಲ್ದಾಣಗಳನ್ನೆಲ್ಲ ರಸ್ತೆಯ ಬಲಕ್ಕೆ ಗುರುತು ಹಾಕಿದ ಮಹಾನುಭಾವರು! ಆ ನಕ್ಷೆಗೆ ಬಣ್ಣ ತುಂಬಿದವನು ನಾನು, ಗುರುಸಿದ್ಧ, ಸಹಾಯಕ ಯೋಜನಾಧಿಕಾರಿ.

ಸೋಲಾಪುರದಲ್ಲಿ ಲಾಡ್ಜುಗಳು ಸಾಲದೆ ಆಟಗಾರರನ್ನು ಅಕ್ಕಲಕೋಟೆಯ ಭಕ್ತ ನಿವಾಸದಲ್ಲಿ ಇಳಿಸಿದ್ದರು. ಬೆಳಿಗ್ಗೆ ಅವರನ್ನು ಮೂರು ಬಸ್ಸುಗಳಲ್ಲಿ ಸೋಲಾಪುರಕ್ಕೆ ತರಬೇಕು. ಎಂಟರೊಳಗೆ ತೂಕ ಮುಗಿಯಬೇಕು. ತೂಕ ತಪ್ಪಿದವರಿಗೆ ಅಖಾಡವಿಲ್ಲ. ಇಷ್ಟಕ್ಕೆ ಸಾಹೇಬರು ಆರರಿಂದ ಒಂಬತ್ತರವರೆಗೆ ಇಡೀ ರಸ್ತೆಯನ್ನೇ ಬಂದ್ ಮಾಡಲು ಹೊರಟರು. ನೊಣ ಹೊಡೆಯಲು ಗೋಡೆ ಕೆಡವುವ ಬುದ್ಧಿ.

ಆ ರಸ್ತೆಯ ನಡುವೆ ವಳಸಂಗ, ಅಲ್ಲಿ ನನ್ನ ಅಕ್ಕ ಸುಗಲಾಬಾಯಿಯ ಮನೆ. ಅಕ್ಕನ ಮಗಳು ಪ್ರಾಜಕ್ತಾ ಐವತ್ತಮೂರು ಕಿಲೋ ವಿಭಾಗದಲ್ಲಿ ಆಡುವವಳು. ಹತ್ತಿರದಲ್ಲೇ ಮನೆಯಿರುವವಳಿಗೆ ಬಸ್ಸೇಕೆ, ಕೋಣೆಯೇಕೆ ಎಂದು ಸಾಹೇಬರು ಅವಳ ಹೆಸರನ್ನು ಬಸ್ಸಿನ ಪಟ್ಟಿಯಿಂದ ತೆಗೆದಿದ್ದರು.

"ಚಿಂತಿ ಮಾಡಬ್ಯಾಡವಾ. ಆರೂವರಿ ಎಸ್‌ಟಿ ನಾನ ಪ್ಲ್ಯಾನಿನಾಗ ಇಟ್ಟೀನಿ. ಆ ರಸ್ತಾ ಅಂದ್ರ ನಿಮ್ಮ ಮಾಮಾನ ಕೈಯಾಗ ಐತಿ," ಎಂದು ನಾನು ಅಕ್ಕನ ಮನೆಯಲ್ಲಿ ಶೇಂಗಾ ಹೋಳಿಗೆ ತಿನ್ನುತ್ತ ಕೊಚ್ಚಿಕೊಂಡೆ. ತೂಕ ಇಳಿಸುತ್ತಿದ್ದ ಪ್ರಾಜಕ್ತಾ ಹೋಳಿಗೆಯ ಕಡೆ ತಿರುಗಿಯೂ ನೋಡಲಿಲ್ಲ.

ಪಂದ್ಯದ ಹಿಂದಿನ ದಿನ ಸಾಹೇಬರು ಆ ಬಸ್ಸಿನ ಮೇಲೆ ಕೆಂಪು ಗೆರೆ ಎಳೆದರು.

"ಕಾಹೀ ಅಡಚಣ?" ಏನಾದರೂ ತೊಂದರೆಯೇ ಎಂದು ಮರಾಠಿಯಲ್ಲಿ ಕೇಳಿದರು.

"ನಾಹೀ, ಸರ್," ಎಂದೆ. ಅಡಚಣೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಮೀಟಿಂಗಿನ ಭಜಿಯ ಜೊತೆ ಅದನ್ನೂ ನುಂಗಿದೆ.

ಅಕ್ಕನಿಗೆ ಫೋನಾದರೂ ಮಾಡಬಹುದಿತ್ತು. ಅಷ್ಟು ಜಂಬ ಕೊಚ್ಚಿದ ಬಾಯಿಂದ ಬಸ್ಸಿಲ್ಲ ಎನ್ನಲು ನಾಚಿಕೆಯಾಯಿತು. ಯಾರದಾದರೂ ಮೋಟಾರ್ ಸೈಕಲ್ ಮೇಲೆ ಬಂದಾಳು ಎಂದುಕೊಂಡೆ. ಮೋಟಾರ್ ಸೈಕಲ್ಲಿಗೂ ರಸ್ತೆ ಬಂದ್ ಎಂದು ಬರೆದವನು ನಾನೇ.

ಮರುದಿನ ಬೆಳಿಗ್ಗೆ ಜೀಪಿನ ಮುಂದಿನ ಸೀಟಿನಲ್ಲಿ ಸಾಹೇಬರು, ಹಿಂದೆ ನಾನು, ನಮ್ಮ ಬೆನ್ನಿಗೆ ಮೂರು ಬಸ್ಸುಗಳು. ಕೊನೆಯದರಲ್ಲಿ ನಾಲ್ಕೇ ಜನ. ವಳಸಂಗದಲ್ಲಿ ಪೊಲೀಸರ ಹಗ್ಗದ ಆಚೆ ಕೆಲಸಕ್ಕೆ ಹೊರಟ ಜನ ಡಬ್ಬಿ ಹಿಡಿದು ನಿಂತಿದ್ದರು. ಎಲ್ಲರ ಮುಂದೆ ಪ್ರಾಜಕ್ತಾ, ಹೆಗಲಿಗೆ ಬ್ಯಾಗು. ನನ್ನನ್ನು ಕಂಡೊಡನೆ ಅವಳ ಮುಖ ಅರಳಿತು.

"ಮಾಮಾ! ನಿಂದರ್ಸು!" ಎಂದು ಎರಡೂ ಕೈ ಎತ್ತಿದಳು.

"ಕೋಣ ಆಹೇ ತೀ?" ಯಾರವಳು ಎಂದು ಸಾಹೇಬರು ಕೇಳಿದರು.

"ಮಾಹೀತ ನಾಹೀ, ಸರ್."

ಗೊತ್ತಿಲ್ಲ ಎಂದೆ. ನಾನು ಎತ್ತಿ ಆಡಿಸಿದ ಹುಡುಗಿ. ಜೀಪು ಮುಂದೆ ಹೋಯಿತು.

ಹೊಲಗಳ ನಡುವೆ ಓಡಿ, ಒಳದಾರಿಯಲ್ಲಿ ಯಾರದೋ ಹಾಲಿನ ಗಾಡಿ ಹಿಡಿದು ಅವಳು ಬಂದಾಗ ಎಂಟೂ ಇಪ್ಪತ್ತು. ತೂಕದ ಯಂತ್ರಕ್ಕೆ ಆಗಲೇ ಬಟ್ಟೆ ಹೊದಿಸಿದ್ದರು. ಮೈದಾನದ ಬಾಗಿಲಲ್ಲಿ ಸಾಹೇಬರು ನನಗೆ ವರದಿ ಹೇಳಿ ಬರೆಸುತ್ತಿದ್ದರು. ಎಲ್ಲ ಆಟಗಾರರೂ ಸಮಯಕ್ಕೆ ತಲುಪಿದ್ದಾರೆ. ಬರೆದೆ. ಪಟ್ಟಿಯ ಪ್ರಕಾರ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸಾಹೇಬರು ಚಹಾಕ್ಕೆ ಹೋದ ಮೇಲೆ ಪ್ರಾಜಕ್ತಾ ಹತ್ತಿರ ಬಂದಳು.

"ಮಾಮಾ, ನೀ ನನ್ನ ನೋಡಿದ್ದಿ, ಹೌದಿಲ್ಲೊ?"

"ಬಸ್ ತುಂಬಿದ್ವು ನಮ್ಮವ್ವಾ."

"ಹಿಂದಿಂದು ಖಾಲಿ ಇತ್ತು."

ಅವಳು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದಳು. ತೂಕ ಹೆಚ್ಚಾದೀತೆಂದು ನಿನ್ನೆ ಮಧ್ಯಾಹ್ನದಿಂದ ಹನಿ ನೀರು ಮುಟ್ಟಿರದ ಅವಳ ತುಟಿ ಒಡೆದಿತ್ತು. ನನ್ನನ್ನೇ ನೋಡುತ್ತ, ಅವಸರವಿಲ್ಲದೆ, ಬಾಟಲಿ ಪೂರ್ತಿ ಕುಡಿದಳು.