ಕೆಂಪರಾಜನ ಚೆಂಡುಮೀನು

ಮಧುರೆ ಹೋಬಳಿಯಲ್ಲಿ ನನ್ನಂತೆ ಗೋಲ್ಡ್ ಫಿಶ್ ಮರಿ ಮಾಡಿಸುವವನು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಧೈರ್ಯ ಯಾರಿಗೂ ಇಲ್ಲ. ನನ್ನ ರಾಣಿ ಎಂಬ ಹೆಣ್ಣುಮೀನು ಬಾಲ ಬೀಸಿದರೆ ತೊಟ್ಟಿಯ ನೀರು ಎಗರಿ ಪಕ್ಕದ ರಾಗಿ ಹೊಲಕ್ಕೆ ಹಾಯುತ್ತಿತ್ತು. ಆ ಹೊಲದವರು ಬೋರ್‌ವೆಲ್ ಕೊರೆಸುವ ಯೋಚನೆಯನ್ನೇ ಬಿಟ್ಟಿದ್ದರು.

ಅಂಥ ರಾಣಿಯನ್ನು ಜಡಿಗೇನಹಳ್ಳಿಯ ಕೆಂಪರಾಜ್ ಒಂದು ಸಲ ಮರಿ ಮಾಡಿಸಿ ತಂದುಕೊಡುತ್ತೇನೆಂದು ಒಯ್ದ. ನಮ್ಮ ಕಸುಬಿನಲ್ಲಿ ಇಂಥ ಕೊಡುಕೊಳ್ಳುವಿಕೆ ಉಂಟು. ವಾಪಸ್ ಕೇಳಿದರೆ, "ಸತ್ತೋಯ್ತು ಗುರು, ಕರೆಂಟ್ ಹೋಗಿತ್ತು" ಎಂದ.

ಸತ್ತಿರಲಿಲ್ಲ. ಒಂದು ಬೀಗರೂಟದಲ್ಲಿ ಕುಡಿದು ಅವನೇ ಬಾಯಿಬಿಟ್ಟ. ರಾಣಿಗೆ ಅವಳ ಮಗನನ್ನೇ ಜೋಡಿ ಮಾಡಿದ್ದ. ಆ ಮರಿಗಳಲ್ಲಿ ಅತಿ ಗುಂಡಗಿದ್ದ ಅಣ್ಣ-ತಂಗಿಯರನ್ನು ಮತ್ತೆ ಜೋಡಿ ಮಾಡಿದ್ದ. ಗುಂಡಗಿಲ್ಲದವೆಲ್ಲ ಕ್ಯಾಟ್‌ಫಿಶ್ ತೊಟ್ಟಿಗೆ ಮೇವು. ಕೊನೆಗೆ ನಿಂಬೆಹಣ್ಣಿಗೆ ಕಣ್ಣು ಅಂಟಿಸಿದಂಥ ಪ್ರಾಣಿಯೊಂದನ್ನು ತಯಾರಿಸಿ 'ಚೆಂಡುಮೀನು' ಎಂದು ಹೆಸರಿಟ್ಟ. ಕೇಳಿದ ನನ್ನ ಸಿಟ್ಟಿಗೆ ಬಾಯಲ್ಲಿದ್ದ ಮುದ್ದೆ ಇನ್ನೊಂದು ಸಲ ಬೆಂದಿತು. ಇವನ ಹೆಸರು ಮಣ್ಣುಪಾಲು ಮಾಡದೆ ಬಿಡುವುದಿಲ್ಲವೆಂದು ಅಲ್ಲೇ ಎಲೆ ಮಡಿಸಿದೆ.

ಹೊಸಕೋಟೆಯ ಛತ್ರದಲ್ಲಿ ಅಲಂಕಾರಿಕ ಮೀನಿನ ಪ್ರದರ್ಶನ ಬಂತು. ಪ್ರದರ್ಶನಕ್ಕೆ ಒಯ್ಯುವ ಮೀನಿಗೆ ನಾವೆಲ್ಲ ಮೊದಲೇ ತಿಂಡಿ ನಿಲ್ಲಿಸುತ್ತೇವೆ, ದಾರಿಯಲ್ಲಿ ನೀರು ಕೆಡದಿರಲಿ ಎಂದು. ಅಂದರೆ ಅವನ ಚೆಂಡುಗಳು ಹಸಿದಿರುತ್ತವೆ. ಮೀನಿನ ತಿಂಡಿಯಲ್ಲಿ ಮುಳುಗುವ ಕಾಳನ್ನು ಮೂತಿಯ ಮುಂದೆಯೇ ಬಿಟ್ಟರೆ ಮಾತ್ರ ಆ ಮೈಗೆ ತಿನ್ನಲು ಸಾಧ್ಯ. ನಾನು ಜೇಬಿನ ತುಂಬ ತೇಲುವ ಕಾಳು ತುಂಬಿಕೊಂಡು, ನನ್ನ ನಾಲ್ಕು ಮೀನನ್ನೂ ಹೊತ್ತು ಹೆಂಡತಿ ವಾಣಿಶ್ರೀಯ ಜೊತೆ ಹೊರಟೆ.

ದೇವನಹಳ್ಳಿಯ ರೆಸಾರ್ಟ್ ಮಾಲೀಕ ಆದಿನಾರಾಯಣಪ್ಪನವರು ಚೆಂಡುಮೀನಿನ ಮುಂದೆ ನಿಂತಿದ್ದರು. ಅಷ್ಟನ್ನೂ ಕೊಂಡು ತಮ್ಮ ರೆಸಾರ್ಟಿನ ಕೊಳಕ್ಕೆ ಒಯ್ಯುವವರ ಹಾಗೆ.

"ಏನ್ ಕೆಂಪಣ್ಣ, ಚೆಂಡುಗಳಿಗೆ ಊಟ ಆಯ್ತಾ?" ಎಂದೆ.

"ನಿನ್ ಮೀನ್ ನೋಡ್ಕೋ ಹೋಗಲೇ ಮುನಿರಾಜ. ಒಂದಕ್ಕಾದ್ರೂ ಶೇಪ್ ಐತಾ?"

"ನಮ್ಮವು ಈಜ್ತವಪ್ಪಾ. ನಿಮ್ಮವು ಉರುಳ್ತವೆ."

ಆದಿನಾರಾಯಣಪ್ಪನವರು ನಕ್ಕು, "ಹಾಕ್ರೀ, ಹೆಂಗ್ ತಿಂತವೆ ನೋಡೋಣ" ಎಂದರು.

"ಬ್ಯಾಡ ಕಣೋ!" ಕೆಂಪರಾಜ್ ಕೈ ಅಡ್ಡ ಹಿಡಿಯುವಷ್ಟರಲ್ಲಿ ಜೇಬಿನ ಕಾಳು ಎಸೆದಿದ್ದೆ.

ಚೆಂಡುಗಳು ಪರದಾಡುತ್ತ ಮೇಲೆ ಬಂದವು. ಕಾಳಿನ ಬದಲು ಗಾಳಿ ನುಂಗಿದವು. ಒಂದೊಂದಾಗಿ ಅಂಗಾತ ಮಗುಚಿದವು. ನೀರಿನ ಮೇಲೆಲ್ಲ ಬಿಳಿ ಹೊಟ್ಟೆಗಳು. ಬಾಯಿಗಳು ಮಾತ್ರ ಕಾಳಿಲ್ಲದ ಕಡೆಗೆ ತೆರೆದು ಮುಚ್ಚುತ್ತಿದ್ದವು. ಜನ ಫೋನ್ ಎತ್ತಿ ವಿಡಿಯೋ ಹಿಡಿದರು.

"ಏನಪ್ಪಾ ಇದು! ನಮ್ ಗೆಸ್ಟುಗಳು ಕಾಫಿ ಕುಡೀತಾ ಇದನ್ನ ನೋಡ್ಬೇಕಾ?" ಎಂದು ಆದಿನಾರಾಯಣಪ್ಪನವರು ಹೊರಟೇಬಿಟ್ಟರು.

ನಾನು ನಕ್ಕ ನಗುವಿಗೆ ದಾಬಸ್‌ಪೇಟೆಯಲ್ಲಿ ಲಾರಿಗಳು ಹಾರನ್ ಎಂದುಕೊಂಡು ದಾರಿ ಬಿಟ್ಟವಂತೆ.

ವಾಣಿಶ್ರೀ ನಗಲಿಲ್ಲ. "ರೀ, ಅವು ನಮ್ ರಾಣಿ ಮೊಮ್ಮಕ್ಕಳು. ಹಿಂಗಾಗ್ತವೆ ಅಂತ ಗೊತ್ತಿದ್ದೂ ಹಾಕಿದ್ರಲ್ಲ."

ಅಷ್ಟರಲ್ಲಿ ಕೆಂಪರಾಜ್ ಬಲೆ ಇಳಿಸಿದ. "ಮಾನ ಕಳೆದ ಮುಂಡೇವು. ನಡೀರಿ ಕ್ಯಾಟ್‌ಫಿಶ್‌ಗೆ."

"ಬೇಡ. ನಂಗ್ ಕೊಡು," ಎಂದೆ.

"ಕೊಡ್ತೀನಿ. ಎಲ್ರ ಮುಂದೆ ಕೈ ಮುಗಿ. 'ಕೆಂಪರಾಜಣ್ಣ, ದಮ್ಮಯ್ಯ' ಅನ್ನು."

ಬಲೆಯೊಳಗೆ ಒಂದು ಮೀನು ಇನ್ನೂ ಬಾಯಿ ತೆರೆಯುತ್ತಿತ್ತು. ಮುಗಿದೆ. ಅಂದೆ. ಗೆದ್ದ ಗಳಿಗೆಯಲ್ಲೇ ಸೋತವನಿಗೆ ಕೈ ಮುಗಿದ ಶೂರ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು.

ಈಗ ಅವು ನಮ್ಮ ಮನೆಯಲ್ಲಿವೆ. ವಾಣಿಶ್ರೀ ಮುಳುಗುವ ಕಾಳನ್ನು ಒಂದೊಂದೇ ಮೂತಿಗೆ ಹಿಡಿಯುತ್ತಾಳೆ. ಕೆಂಪರಾಜನ ಬಳಿ ಒಂದೂ ಉಳಿದಿಲ್ಲ. ಅವನ ತೊಟ್ಟಿಯಲ್ಲೇ ಇದ್ದ ರಾಣಿ ಈ ಸಲ ನಿಜವಾಗಿಯೂ ಸತ್ತಿದ್ದಾಳೆ. ಆ ವಿಡಿಯೋ ನೋಡಿದ ಮುಂಬೈ ವ್ಯಾಪಾರಿಯೊಬ್ಬನಿಗೆ ಮಗುಚುವ ಮೀನೇ ಬೇಕಂತೆ, ತಮಾಷೆಯಾಗಿರುತ್ತದಂತೆ.

ನಿನ್ನೆ ಕೆಂಪರಾಜ್ ಬಾಗಿಲಿಗೆ ಬಂದ. "ಒಂದೇ ಒಂದು ಜೋಡಿ ಕೊಡು ಗುರು. ನಿನ್ ರಾಣಿ ವಂಶಾನೂ ಉಳೀತದೆ."

ಅವನನ್ನು ಒಳಗೆ ಕರೆದು ತೋರಿಸಿದೆ. ಗಂಡುಗಳು ಒಂದು ತೊಟ್ಟಿಯಲ್ಲಿ, ಹೆಣ್ಣುಗಳು ಇನ್ನೊಂದರಲ್ಲಿ, ನಡುವೆ ನನ್ನ ಮಂಚ. ನನ್ನ ಬಳಿ ರಾಣಿಯ ಬೇರೆ ಮರಿಯಿಲ್ಲ. ಅವಳ ರಕ್ತ ಇವುಗಳೊಂದಿಗೇ ಮುಗಿಯುತ್ತದೆ. ಮುಗಿಯಲಿ.

"ನೋಡ್ಕೋ ಕೆಂಪಣ್ಣ," ಎಂದೆ. "ಕಣ್ತುಂಬ ನೋಡ್ಕೊಂಡು ಹೋಗು."