ಹಳಿ ಕಿತ್ತ ದಾರಿ

“ಏಳನೇ ರೌಂಡು,” ಎಂದು ಶಕುಂತಲಮ್ಮ ದೀಪದ ಕಂಬ ಮುಟ್ಟಿ ಹಿಂದಕ್ಕೆ ತಿರುಗಿದರು. ಬೆನ್ನಿಗಿದ್ದ ಹತ್ತು ಜನವೂ ಒಬ್ಬೊಬ್ಬರಾಗಿ ಮುಟ್ಟಿ ತಿರುಗಿದರು.

ಪಕ್ಕದಲ್ಲಿ ನಿಂತಿದ್ದ ರೇಣುಕಾಪ್ರಸಾದ ಮತ್ತೆ ಗಡಿಯಾರ ನೋಡಿಕೊಂಡ. ಕಾಗದನಗರದ ಹಿಂದೆ ಪಾಳುಬಿದ್ದಿದ್ದ, ಒಂದು ಕಾಲಕ್ಕೆ ಕಾಗದದ ಕಾರ್ಖಾನೆಗೆ ಬಿದಿರು ತರುತ್ತಿದ್ದ ರೈಲಿನ ಹಳಿ ಕೀಳಿಸಿ, ನಡೆಯಲಿಕ್ಕೆ, ಸೈಕಲ್ ತುಳಿಯಲಿಕ್ಕೆ ಮೂರು ಕಿಲೋಮೀಟರ್ ದಾರಿ ಮಾಡಿಸುವುದರಲ್ಲಿ ಈ ಎಂಜಿನಿಯರನ ನಾಲ್ಕು ವರ್ಷ ಹೋಗಿತ್ತು. ನಕ್ಷೆಯಲ್ಲಿ ಅದು ಗೆರೆ ಎಳೆದಷ್ಟು ನೇರ. ಜನ ಮಾತ್ರ ಪಾರ್ಕಿನಲ್ಲಿ ರೌಂಡ್ ಹೊಡೆದು ರೂಢಿಯಾದವರು. ಮೊದಲ ಕಂಬದಿಂದ ಎರಡನೆಯದು, ಅಲ್ಲಿಂದ ಮತ್ತೆ ಮೊದಲನೆಯದು. ಇಪ್ಪತ್ತೊಂದಾದರೆ ಮನೆಗೆ. ಎರಡನೆಯ ಕಂಬದಾಚೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ಇವತ್ತು ಶಿವಮೊಗ್ಗದಿಂದ ಬಂದ ಅಧಿಕಾರಿ ವೀರಪ್ಪನವರು ದಾರಿಯ ಆ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆರು ಗಂಟೆಯೊಳಗೆ ಅಲ್ಲಿಗೆ ನಡೆದು ಬರುವ ಮನುಷ್ಯರು ಕಂಡರೆ ಮುಂದಿನ ಎಂಟು ಕಿಲೋಮೀಟರಿಗೆ ಸಹಿ. ಇಲ್ಲದಿದ್ದರೆ ಫೈಲು ಬಂದ್. ಈಗ ಐದು.

“ಮುಂದೆ ಹೋಗಬಹುದಲ್ಲ, ಅಮ್ಮ?” ಎಂದ ರೇಣುಕಾಪ್ರಸಾದ.

“ಮುಂದೆ ಏನಿದೆ?”

ಅದನ್ನು ಅವನು ಯೋಚಿಸಿರಲಿಲ್ಲ. “ದಾರಿ ಇದೆ,” ಎಂದ.

“ಅದು ಇಲ್ಲೂ ಇದೆಯಲ್ಲ, ಮಾರಾಯ.”

ಎಲ್ಲರೂ ನಕ್ಕರು. ಅವನೂ ನಕ್ಕ, ಸ್ವಲ್ಪ ತಡವಾಗಿ.

ಕೊನೆಗೆ ಇದ್ದದ್ದನ್ನು ಹೇಳಿಯೇಬಿಟ್ಟ. ಇಷ್ಟೇನಾ, ಮೊದಲೇ ಬಾಯಿ ಬಿಡಬಾರದಿತ್ತಾ ಎಂದು ಶಕುಂತಲಮ್ಮ ಸೆರಗು ಸಿಕ್ಕಿಸಿದರು. ಗುಂಪು ಹೊರಟಿತು. ಯಾರೋ ಕಡಲೆಕಾಯಿ ಹಂಚಿದರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಮೂರ್ತಪ್ಪ ಬಾಯಲ್ಲೇ ಸಿಳ್ಳೆ ಹಾಕಿ, ತಾನೇ ಎಂಜಿನ್ ಎಂದು ಮುಂದೆ ಬಂದ. ಸದ್ಯ ಹೊಗೆ ಬಿಡದಿದ್ದರೆ ಸಾಕು ಎಂದು ಹಿಂದಿನ ಹೆಂಗಸರು ಮೂಗು ಮುಚ್ಚಿಕೊಂಡರು. ರೇಣುಕಾಪ್ರಸಾದನಿಗೆ ಅವರೆಲ್ಲರ ಮೇಲೆ ಪ್ರೀತಿ ಉಕ್ಕಿತು. ಆದರೂ ಹತ್ತು ಹೆಜ್ಜೆ ಹಿಂದೆಯೇ ಉಳಿದ. ತಲೆ ಎಣಿಸುತ್ತಿದ್ದ.

ಆರಕ್ಕೆ ಹತ್ತು ನಿಮಿಷವಿರುವಾಗ ತಲುಪಿದರು. ವೀರಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು.

“ದಿನಾ ಬರ್ತೀರಾ, ತಾಯಿ?”

ಶಕುಂತಲಮ್ಮ ರೇಣುಕಾಪ್ರಸಾದನ ಮುಖ ನೋಡಿದರು. ಫೇಲಾದ ಮಗನ ಮಾರ್ಕ್ಸು ಕೇಳಿದ ನೆಂಟರಿಗೆ ಹೇಳುವ ಹಾಗೆ, “ದಿನಾ ಸಾರ್. ಮಳೆ ಬಂದ್ರೂ ಬರ್ತೀವಿ,” ಎಂದರು.

ಸಹಿ ಬಿತ್ತು. ಎಂಟು ಕಿಲೋಮೀಟರ್.

ವಾಪಸು ನಡೆಯುವ ಮಾತೇ ಇರಲಿಲ್ಲ. ಶಕುಂತಲಮ್ಮ ಆಗಲೇ ಫೋನು ಮಾಡಿದ್ದರು. ಗೌಸನ ಲಗೇಜ್ ಆಟೋ ಸೈಕಲ್ ದಾರಿಯ ಮೇಲೆಯೇ ಬಂದು ನಿಂತಿತು. ಒಬ್ಬರ ಕೈ ಒಬ್ಬರು ಎಳೆದುಕೊಂಡು ಎಲ್ಲರೂ ಹತ್ತಿದರು. ವೀರಪ್ಪನವರೂ ಜೀಪನ್ನು ಮುಂದಕ್ಕೆ ಕಳಿಸಿ, ಹುಡುಗರ ಹಾಗೆ ನಗುತ್ತ ಗೌಸನ ಪಕ್ಕ ತೂರಿಕೊಂಡರು.

“ಹತ್ತಿ ಸಾರ್, ಜಾಗ ಮಾಡ್ತೀವಿ,” ಎಂದು ಗೌಸ್ ರೇಣುಕಾಪ್ರಸಾದನನ್ನು ಕರೆದ.

“ನಾನು ನಡೆದು ಬರ್ತೀನಿ.”

“ಯಾಕೆ?”

ಗೌಸ್ ನಿಜಕ್ಕೂ ಕೇಳಿದ್ದ. ರೇಣುಕಾಪ್ರಸಾದ ಪಕ್ಕದ ಹುಲ್ಲಿಗಿಳಿದು ದಾರಿ ಬಿಟ್ಟ.

ಆಟೋ ಹೊರಟಿತು. ಹತ್ತಾರು ಕೈಗಳು ಅವನತ್ತ ಬೀಸಿದವು, ಯಾರೋ ಹಾಡು ಎತ್ತಿದರು, ಎಲ್ಲರೂ ದನಿಗೂಡಿಸಿದರು. ಕೆಂಪು ದೀಪ ಚಿಕ್ಕದಾಗಿ, ಚುಕ್ಕೆಯಾಗಿ, ಆರಿತು. ಹಾಡೂ ನಿಂತಿತು.

ದಾರಿ ಪೂರ್ತಿ ಖಾಲಿಯಿತ್ತು. ಅವನು ಮಾತ್ರ ಹುಲ್ಲಿನಲ್ಲೇ ನಿಂತಿದ್ದ, ಎರಡು ಹೆಜ್ಜೆ ದೂರ ಸರಿದು, ಇನ್ನೂ ಉಳಿದ ಬೋಗಿಗಳು ಹಾದುಹೋಗಲಿ ಎಂಬಂತೆ.