ನಾಗಬನಕ್ಕೆ ಹಾಸಿದ ಇಂಟರ್‌ಲಾಕ್

ನಾನೇನೂ ಧೈರ್ಯಸ್ಥೆಯಲ್ಲ. ಜಿರಳೆ ಹಾರಿದರೆ ಮಂಚ ಹತ್ತುವವಳು. ಆದರೆ ಈ ವರ್ಷ ನಮ್ಮ ಮನೆಗೆ ಹೊಕ್ಕ ಹೆದರಿಕೆಯೇ ಬೇರೆ. ಬೆಳಿಗ್ಗೆ ಕಾಲು ಇಡುವ ಮೊದಲು ನೆಲ ನೋಡಬೇಕು. ಚಪ್ಪಲಿಯನ್ನು ಕೊಡವಿಯೇ ಹಾಕಬೇಕು. ಬಚ್ಚಲಿಗೆ ಹೋಗುವವರು ಮೊದಲು ಬಾಗಿಲು ಬಡಿಯಬೇಕು, ಒಳಗೆ ಯಾರೋ ಮೀಯುತ್ತಿದ್ದಾರೆ ಎಂಬಂತೆ.

ನಮ್ಮ ಮನೆ ಇರುವುದು ಕುಂದಾಪುರದ ಹತ್ತಿರ, ಬೀಜಾಡಿಯಲ್ಲಿ. ಮನೆಯ ಪಡುದಿಕ್ಕಿಗೆ, ಅಂಗಳ ದಾಟಿದರೆ, ನಾಗಬನ. ನಾನು ಮದುವೆಯಾಗಿ ಬಂದಾಗ ಅದು ನಿಜಕ್ಕೂ ಬನವೇ ಆಗಿತ್ತು. ಹೊನ್ನೆ, ಸುರಗಿ, ಬೈನೆ, ಕುಂಟಲ ಮರಗಳು ಒಂದರ ಮೈಮೇಲೆ ಒಂದು ಬಿದ್ದುಕೊಂಡು, ಬಿಳಲು ಸುತ್ತಿಕೊಂಡು, ಹಾಡಹಗಲೂ ಒಳಗೆ ಕತ್ತಲು. ನಾಗನ ಕಲ್ಲು ಕಾಣಬೇಕಾದರೆ ಬಗ್ಗಿ ನುಗ್ಗಬೇಕಿತ್ತು. ನಾಗರಪಂಚಮಿಗೆ ಹಾಲು, ಎಳನೀರು ಎರೆಯಲು ಒಳಗೆ ಹೋದರೆ ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಒಂದು ಒಣಕಡ್ಡಿಯನ್ನೂ ಯಾರೂ ಒಲೆಗೆ ತರುತ್ತಿರಲಿಲ್ಲ. ತಂದರೆ ಮೈಯಲ್ಲಿ ಹುಣ್ಣಾಗುತ್ತದೆ ಎಂದು ನಮ್ಮತ್ತೆ ಹೆದರಿಸಿಟ್ಟಿದ್ದರು. ಬೇಲಿ ಇರಲಿಲ್ಲ, ಹೆದರಿಕೆಯೇ ಬೇಲಿ.

ನನ್ನ ಮೈದುನ ರಾಜೀವನಿಗೆ ಪುಣೆಯಲ್ಲಿ ಹೋಟೆಲು. ಒಳ್ಳೆಯವನೇ, ಭಕ್ತಿ ಸ್ವಲ್ಪ ಹೆಚ್ಚು. ಹೋದ ವರ್ಷ ದೀಪಾವಳಿಗೆ ಬಂದವನು ಬನದೆದುರು ನಿಂತು ಕಣ್ಣಲ್ಲಿ ನೀರು ತುಂಬಿಕೊಂಡ.

"ಅತ್ತಿಗೆ, ದೇವ್ರ್ ಹೀಂಗೆ ಕಾಡೊಳ್ಗೆ ಕೂಕಂಡ್ ಇಪ್ಪುದಾ? ನಾವ್ ಮಾತ್ರ ಮನೆಗೆ ಟೈಲ್ಸ್ ಹಾಕ್ಕಂಡ್ ಇಪ್ಪುದಾ?"

ಅದಕ್ಕೆ ಎದುರು ಮಾತಾಡುವುದು ಹೇಗೆ? ಊರಲ್ಲಿ ಎಷ್ಟೋ ಮನೆಯವರು ಹಾಗೆ ಮಾಡಿಸಿದ್ದರು. ನಮ್ಮದೂ ಆಯಿತು. ಕ್ರಮಪ್ರಕಾರ ಪೂಜೆ ಮಾಡಿಸಿ, ಅಪ್ಪಣೆ ಕೇಳಿ, ಮರ ಕಡಿದರು. ಕಪ್ಪು ಗ್ರಾನೈಟಿನ ಕಟ್ಟೆ ಎದ್ದಿತು. ಸುತ್ತ ನೆಲಕ್ಕೆ ಇಂಟರ್‌ಲಾಕ್ ಬಿಲ್ಲೆಗಳ ಹಾಸು, ಅದರ ಸುತ್ತ ಸ್ಟೀಲಿನ ಕಂಬಿ. ಬೇರಿನ ಸಂದಿ, ಕೆಂಪು ಮುರಕಲ್ಲಿನ ಪೊಟರೆ, ಎಲ್ಲಕ್ಕೂ ಸಿಮೆಂಟು. ನಾಗನಿಗೆಂದು ನಾಗನ ಮನೆಯನ್ನೇ ಮುಚ್ಚುತ್ತಿದ್ದೇವೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಫೋಟೋ ತೆಗೆಸಿಕೊಂಡೆವು.

ಮೊದಲು ಬಂದದ್ದು ಬಿಸಿಲು. ಮಧ್ಯಾಹ್ನದ ಮೇಲೆ ಜಗಲಿಯಲ್ಲಿ ಕೂರಲಾಗದಷ್ಟು ಸೆಕೆ. ಆಮೇಲೆ ಇಲಿ. ಬನದ ಗೂಬೆಗಳು ಮರದ ಜೊತೆಗೇ ಹೋಗಿದ್ದವು, ಇಲಿಗಳಿಗೆ ಹೇಳುವವರು ಕೇಳುವವರು ಇಲ್ಲ. ಅಕ್ಕಿಮುಡಿಗೆ, ಕಟ್ಟಿಗೆ ರಾಶಿಗೆ, ಕೊನೆಗೆ ದೇವರ ಕೋಣೆಗೂ ನುಗ್ಗಿದವು. ಇಲಿಯ ಹಿಂದೆ ಯಾರು ಬರುತ್ತಾರೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಒಂದು ಬೆಳಿಗ್ಗೆ ಕಡೆಯುವ ಕಲ್ಲಿನ ಹಿಂದೆ ಪೊರೆ ಸಿಕ್ಕಿತು. ನನ್ನ ಒಂದು ಮಾರು ಉದ್ದ. ಹೆಡೆಯ ಹತ್ತಿರ ಅಗಲ.

ರಾಜೀವನಿಗೆ ಫೋನು ಮಾಡಿದೆ. ಎಲ್ಲೋ ದೋಷ ಉಳಿದಿದೆ ಎಂದು ಆಶ್ಲೇಷಾ ಬಲಿ ಮಾಡಿಸಿದ. ಬಲಿ ಮುಗಿದ ವಾರದಲ್ಲಿ ಅದು ಕಟ್ಟಿಗೆ ಕೊಟ್ಟಿಗೆಯಲ್ಲಿ ಹೆಡೆ ಎತ್ತಿತು. ಹೊಡೆಯುವ ಹಾಗಿಲ್ಲ, ಅದು ನಮ್ಮಲ್ಲಿ ಮಹಾಪಾಪ. ಕೈ ಮುಗಿದು ಹಿಂದೆ ಸರಿದೆ.

ಏಪ್ರಿಲಿನ ಒಂದು ಮಧ್ಯಾಹ್ನ. ಮಗ ಕೀರ್ತನ್ ಕುಂದಾಪುರದಲ್ಲಿ, ಅಂಗಡಿಯಲ್ಲಿ. ಸೊಸೆ ಸುಪ್ರೀತಾ ಅಡುಗೆಮನೆಯಲ್ಲಿ. ನನ್ನ ಮೊಮ್ಮಗಳು, ಆಗಿನ್ನೂ ತೆವಳುತ್ತಿದ್ದ ಕೂಸು, ಚಾವಡಿಯ ತಣ್ಣನೆ ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಮಲಗಿದ್ದಳು. ಹಪ್ಪಳ ಮಗುಚಲು ಅಂಗಳಕ್ಕಿಳಿದಿದ್ದ ನಾನು ತಿರುಗಿ ಬಂದು ಹೊಸ್ತಿಲ ಮೇಲೆ ಕಾಲಿಟ್ಟೆ.

ಅದು ಕೂಸಿನ ಕಾಲ ಬಳಿ ಇತ್ತು.

ಹೆಡೆ ಎತ್ತಿತ್ತು. ನನ್ನನ್ನೇ ನೋಡುತ್ತಿತ್ತು. ಇಟ್ಟ ಕಾಲನ್ನು ಎತ್ತದೆ ಹೊಸ್ತಿಲ ಮೇಲೇ ನಿಂತೆ. ಓಡಿಹೋಗಿ ಕೂಸನ್ನು ಎತ್ತಬೇಕು, ಓಡಿದರೆ ಅದು ಬಡಿಯುತ್ತದೆ. ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ಸುಪ್ರೀತಾ ಕಾಣಿಸಿದಳು. ಅವಳ ಬಾಯಿ ತೆರೆದದ್ದು ಕಂಡು ನನಗೆ ಅದೆಲ್ಲಿಂದ ಸ್ವರ ಬಂತೋ.

"ಬೊಬ್ಬೆ ಹೊಡಿಬೇಡ ಹೆಣ್ಣೇ. ಅಲ್ಲೇ ನಿಲ್ಲ್. ಅಲ್ಲಾಡ್ಬೇಡ."

ಅವಳು ಬಾಯಿಗೆ ಸೆರಗು ತುರುಕಿಕೊಂಡಳು. ಕೂಸು ನಿದ್ದೆಯಲ್ಲಿ ಒಮ್ಮೆ ಕಾಲು ಝಾಡಿಸಿತು. ಪುಟ್ಟ ಹಿಮ್ಮಡಿ ಹಾವಿನ ಮೈಗೆ ತಾಗಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಹೊತ್ತಿಗೆ ನನಗೆ ನಾಗನೂ ನೆನಪಾಗಲಿಲ್ಲ, ಯಾವ ದೇವರೂ ನೆನಪಾಗಲಿಲ್ಲ. ಹೆಡೆ ಕೆಳಗಿಳಿದ ಮೇಲೆ ನಾನು ಮೆಲ್ಲನೆ ಬಾಗಿಲ ಪಕ್ಕಕ್ಕೆ ಸರಿದೆ.

ಅದು ಗೋಡೆಯ ಬದಿಯಿಂದ ಹರಿದು, ನಾನು ಜಾಗ ಬಿಟ್ಟ ಹೊಸ್ತಿಲು ದಾಟಿ ಅಂಗಳಕ್ಕಿಳಿಯಿತು. ಸುಪ್ರೀತಾ ಓಡಿಬಂದು ಕೂಸನ್ನು ಬಾಚಿಕೊಂಡಳು. ಬೆರಳು ಬೆರಳು ಬಿಡಿಸಿ ನೋಡಿದೆವು. ಏನೂ ಆಗಿರಲಿಲ್ಲ. ಅಲ್ಲಿಗೆ ಅವಳ ಅಳು ಕಟ್ಟೆಯೊಡೆಯಿತು.

ಹಾವು ಹೋದದ್ದು ನೇರ ಬನಕ್ಕೆ. ಮೆಟ್ಟಿಲ ಮೇಲೆ ನಿಂತು ನೋಡಿದೆವು. ಕಾದ ಇಂಟರ್‌ಲಾಕಿನ ಮೇಲೆ ಅದಕ್ಕೂ ಮೈ ಸುಡುತ್ತಿದ್ದಿರಬೇಕು, ಬಿರಬಿರನೆ ಹರಿಯಿತು. ಕಟ್ಟೆಯ ಬುಡಕ್ಕೆ ಮೂತಿ ತಾಗಿಸಿತು. ಗ್ರಾನೈಟಿನ ಸಂದಿ ಸಂದಿಯನ್ನೂ ಮುಟ್ಟಿ ನೋಡುತ್ತ ಒಂದು ಸುತ್ತು ಬಂತು. ಎಲ್ಲೂ ತೂತಿಲ್ಲ. ಮೇಸ್ತ್ರಿ ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದ. ಇನ್ನೊಂದು ಸುತ್ತು ಬಂತು. ಆಮೇಲೆ ತಲೆ ಎತ್ತಿತು.

ಮತ್ತೆ ಮನೆಯ ಕಡೆ ತಿರುಗಿತು.

"ಅತ್ತೇ, ವಾಪಸ್ ಬತ್ತಾ ಇತ್ತ್!"

ಬಾಗಿಲು ಹಾಕಿ, ಸಂದಿಗೆ ಗೋಣಿ ತುರುಕಿ, ಮೂವರೂ ಮಂಚದ ಮೇಲೆ ಕೂತೆವು. ಅದು ಮೆಟ್ಟಿಲ ಕೆಳಗೆ ಹೊಕ್ಕಿತೋ, ಬಚ್ಚಲ ತೂಬಿಗೆ ಹೊಕ್ಕಿತೋ ಕಾಣಲಿಲ್ಲ. ರಾಜೀವನಿಗೆ ಫೋನು ಹಚ್ಚಿದೆ. ಹಿಡಿಸಿ ದೂರದ ಕಾಡಿಗೆ ಬಿಡಿಸುವ ಎಂದ.

"ಅದ್ರ ಮನೆ ತೆಗ್ದದ್ದ್ ನಾವ್. ಊರ್ ಬಿಡುದ್ ಅದಾ?" ಎಂದೆ. "ಇಂಟರ್‌ಲಾಕ್ ಕೀಳ್ತೆ ಕಾಣ್."

"ಅತ್ತಿಗೆ! ನಾಗನ್ ಜಾಗಕ್ಕೆ ಹಾರೆ ಹಾಕ್ತ್ರ್ಯಾ? ನಮ್ ವಂಶ ಉಳಿತಾ?"

"ವಂಶ ಇಲ್ಲೇ ನನ್ ಮಡಿಲಗೆ ಕೂಕಂಡ್ ಇತ್ತ್, ರಾಜೀವ. ಅದ್ನ ಉಳ್ಸುಕೇ ಹಾರೆ ಹಿಡುದ್."

ಬಾಯಲ್ಲಿ ಅಷ್ಟು ಹೇಳಿ ಫೋನು ಇಟ್ಟೆನಾದರೂ ಒಳಗಿನ ಹೆದರಿಕೆ ಹೋಗಿರಲಿಲ್ಲ. ಅತ್ತೆ ಹೇಳಿದ ಹುಣ್ಣು, ಕುರುಡು, ಸಂತಾನನಾಶ, ಎಲ್ಲ ಸಾಲಾಗಿ ನೆನಪಾದವು. ಸಂಜೆ ಕೀರ್ತನ್ ಬಂದ ಮೇಲೆ ಕೈ ಮುಗಿದು, ನಾಗನ ಕಲ್ಲನ್ನು ಮುಟ್ಟದೆ, ಮೊದಲ ಇಂಟರ್‌ಲಾಕ್ ಎಬ್ಬಿಸಿದೆ. ಕೆಳಗಿನ ಮಣ್ಣು ಸುಟ್ಟ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಸುಪ್ರೀತಾ ಬೆಳಿಗ್ಗೆ ಗುಡಿಸಿ ಸುಡಲೆಂದು ರಾಶಿ ಹಾಕಿದ್ದ ತರಗೆಲೆಯನ್ನು ಹೆಡಿಗೆಯಲ್ಲಿ ತಂದು ಅಲ್ಲಿ ಸುರಿದಳು. ಇನ್ನು ಮುಂದೆ ಒಂದೆಲೆಯನ್ನೂ ಸುಡುವುದಿಲ್ಲ ಎಂದಳು.

ಈಗ ಇಂಟರ್‌ಲಾಕೂ ಕಂಬಿಯೂ ಹೋಗಿವೆ. ಮೂಲೆಯಲ್ಲಿ ಮುರಕಲ್ಲುಗಳನ್ನು ಸಂದಿ ಬಿಟ್ಟು ರಾಶಿ ಹಾಕಿದ್ದೇವೆ. ಕಟ್ಟಿಗೆಯನ್ನು ಮನೆಯಿಂದ ದೂರಕ್ಕೆ ಸಾಗಿಸಿ, ಅಕ್ಕಿಯನ್ನು ತಗಡಿನ ಡ್ರಮ್ಮಿಗೆ ತುಂಬಿದ್ದೇವೆ. ಇಲಿಪಾಷಾಣ ತರುವುದಿಲ್ಲ, ಅದನ್ನು ತಿಂದ ಇಲಿಯನ್ನು ನುಂಗಿದರೆ ನಾಳೆ ಮರಳಿ ಬರುವ ಗೂಬೆಯೂ ಸಾಯುತ್ತದೆ. ಜೂನಿನಲ್ಲಿ ಅರಣ್ಯ ಇಲಾಖೆಯ ನರ್ಸರಿಯಿಂದ ಹೊನ್ನೆ, ಸುರಗಿ ಸಸಿ ತಂದು ನೆಟ್ಟೆವು. ನಾಗರಪಂಚಮಿಗೆ ಬಂದ ರಾಜೀವನೂ ಒಂದು ಬೈನೆ ಸಸಿ ತಂದು ನೆಟ್ಟು ಹೋದ.

ಆದರೂ ಕೂಸನ್ನು ನೆಲದ ಮೇಲೆ ಬಿಡುವುದಿಲ್ಲ. ಅವಳಿಗೆ ನಡೆಯುವ ಆಸೆ, ಸೊಂಟದಿಂದ ಜಾರಿ ಇಳಿಯಲು ಒದ್ದಾಡುತ್ತಾಳೆ. ನಾನು ಬಿಗಿಯಾಗಿ ಹಿಡಿದುಕೊಂಡು ಮೆಟ್ಟಿಲ ಮೇಲಿಂದ ಬನವನ್ನು ತೋರಿಸುತ್ತೇನೆ. ಹೊನ್ನೆಗಿಡ ಈಗ ನನ್ನ ಮೊಣಕಾಲಿಗೆ ಬಂದಿದೆ. ಅದು ನೆರಳು ಕೊಡುವಷ್ಟರಲ್ಲಿ ಇವಳಿಗೇ ಮಕ್ಕಳಾಗಿರುತ್ತವೆ. ಅಲ್ಲಿಯವರೆಗೆ ಆ ಹಾವು ಎಲ್ಲಿ ಮಲಗುತ್ತದೆ ಎಂಬುದು ನನಗೆ ಗೊತ್ತಿಲ್ಲ.